ರಿ ನುಂಗಿದ ಮಳೆಗಾಲ

ಮೊನ್ನೆ ಗ್ಯಾಸ್ ಏಜೆನ್ಸಿಯ ಹುಡುಗಿ ಫೋನ್ ಮಾಡಿದಾಗ ನಾನು ವಾಡಿ ಸ್ಟೇಷನ್ನಿನ ಮೇಲ್ಸೇತುವೆಯ ಕೆಳಗೆ ನಿಂತಿದ್ದೆ. ಅಲ್ಲಿ ಸಿಗ್ನಲ್ ಒಂದು ಕಡ್ಡಿಗಿಂತ ಮೇಲೆ ಏರುವುದಿಲ್ಲ. ಗೊತ್ತಿದ್ದೂ ಅಲ್ಲೇ ಯಾಕೆ ನಿಂತಿದ್ದೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

"ಹೆಸರು ಹೇಳ್," ಎಂದಳು ಹುಡುಗಿ. "ಮನಿ ನಂಬರ್ ಹೇಳ್." ಆಮೇಲೆ, "ಸಿಲಿಂಡರ್ ನಾಳಿ ಬರ್ತದ, ಮನ್ಯಾಗ ಇರ್."

ಐವತ್ತೆರಡು ವರ್ಷದವನಿಗೆ, ಅದೂ ಸರ್ಕಾರಿ ಸಂಬಳ ತಿನ್ನುವವನಿಗೆ, ಮಗಳ ವಯಸ್ಸಿನವಳೊಬ್ಬಳು ಹೀಗೆ ಅಂದರೆ ನಮ್ಮ ಕಡೆ ಸಣ್ಣ ಯುದ್ಧವೇ ಆಗುತ್ತದೆ. ನಾನು ಮಾತ್ರ ಅವಳ ಮಾತು ದಾರಿಯಲ್ಲಿ ಕಳೆದುಕೊಂಡದ್ದನ್ನೆಲ್ಲ ನಾನೇ ಹುಡುಕಿ ಜೋಡಿಸಿಕೊಂಡೆ. ಹೇಳ್ರಿ, ಹೇಳ್ರಿ, ಇರ್ರಿ. ಜೋಡಿಸಿಕೊಂಡು, "ಆತವ್ವಾ, ಇರ್ತೀನಿ," ಎಂದು ಫೋನಿಟ್ಟೆ. ಅಷ್ಟರಲ್ಲಿ ಮಳೆ ಬಿತ್ತು. ವಾಡಿಯಲ್ಲಿ ಮೊದಲ ಮಳೆಗೆ ಮಣ್ಣಿನ ವಾಸನೆ ಬರುವುದಿಲ್ಲ. ಮರದ ಎಲೆಯ ಮೇಲೆ, ತಗಡಿನ ಮೇಲೆ, ನಿಂತ ವ್ಯಾಗನ್ನುಗಳ ಮೇಲೆ ವರ್ಷವಿಡೀ ಕೂತ ಸಿಮೆಂಟಿನ ಧೂಳು ನೆನೆದು, ಆಗ ತಾನೇ ಗಿಲಾವು ಮಾಡಿದ ಗೋಡೆಯ ವಾಸನೆ ಬರುತ್ತದೆ. ಆ ವಾಸನೆಗೆ ಮೂರು ವರ್ಷದ ಹಿಂದಿನ ಮಳೆಗಾಲ ಇಡಿಯಾಗಿ ಎದ್ದು ಬಂತು. ಒಂದೇ ಒಂದು ಅಕ್ಷರಕ್ಕಾಗಿ ನಾನು ನಲವತ್ತು ವರ್ಷದ ಗೆಳೆತನವನ್ನು ಪಣಕ್ಕಿಟ್ಟ ಮಳೆಗಾಲ.

ಬೆಂಗಳೂರು ಕಡೆಯವರು ಗೌರವವನ್ನು ಮೊದಲೇ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. 'ನೀವು' ಎಂದು ಶುರು ಮಾಡಿದರೆ ಮುಗಿಯಿತು. ನಮ್ಮದು ಹಾಗಲ್ಲ. ಬಾ, ಕೂಡು, ಉಣ್ಣು, ಎಲ್ಲ ಹೇಳಿ ಮುಗಿಸಿ, ಉಸಿರು ಖಾಲಿಯಾಗುವ ಹೊತ್ತಿಗೆ ತುದಿಯಲ್ಲಿ ಒಂದು 'ರಿ' ಅಂಟಿಸುತ್ತೇವೆ. ಬರ್ರಿ, ಕುಂದ್ರಿ, ಉಣ್ರಿ. ನಮ್ಮ ಮರ್ಯಾದೆ ಪೂರ್ತಿ ಇರುವುದು ಆ ಕಡೆಯ, ಎಲ್ಲಕ್ಕಿಂತ ಮೆತ್ತಗಿನ ಅಕ್ಷರದಲ್ಲಿ. ಇದು ಎಷ್ಟು ಅಪಾಯದ ವ್ಯವಸ್ಥೆ ಎಂದು ಕಂಪ್ಯೂಟರಿನ ಮುಂದೆ ಕೂರುವವರೆಗೆ ನನಗೆ ಹೊಳೆದಿರಲಿಲ್ಲ.

ಮಲ್ಲಿಕಾರ್ಜುನ ನನಗೆ ಮಲ್ಯಾ. ನಾನು ಶರಣಪ್ಪ, ಅವನಿಗೆ ಶರಣ್ಯಾ. ಚಿತ್ತಾಪುರದ ಶಾಲೆಯಲ್ಲಿ ನಾಲ್ಕನೆಯ ತರಗತಿಯಿಂದ ಒಂದೇ ಬೆಂಚಿನವರು. ನಾನು ಶಹಾಬಾದಿನ ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನಾಗಿ ವಾಡಿಯಲ್ಲಿ ಮನೆ ಮಾಡಿದೆ. ಅವನು ಚಿತ್ತಾಪುರದಲ್ಲೇ ಮೈಕ್‌ಸೆಟ್ ಅಂಗಡಿ ಇಟ್ಟ. ದನಗಳಿಗೆ ಲಸಿಕೆ ಇರಲಿ, ಸೀರೆ ಅಂಗಡಿಯ ರಿಯಾಯ್ತಿ ಇರಲಿ, ನೀರು ಬಿಡುವ ಸುದ್ದಿ ಇರಲಿ, ಆಟೋದ ಮೇಲಿನ ಹಾರ್ನ್ ಸ್ಪೀಕರಿನಿಂದ ಬರುವುದು ಅವನದೇ ದನಿ. ಇಡೀ ತಾಲ್ಲೂಕಿಗೆ ಅವನ ಮುಖಕ್ಕಿಂತ ಮೊದಲು ಅವನ ದನಿ ಗೊತ್ತು. ಹೊಟ್ಟೆಕಿಚ್ಚಿನ ಬೀಜ ಅಲ್ಲೇ ಇತ್ತೇನೋ. ನಾನು ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಹಿಂದಿನ ಬೆಂಚಿನವರು ಇವತ್ತಿಗೂ "ಸರ್, ಜರಾ ಜೋರ್," ಎನ್ನುತ್ತಾರೆ.

ಆ ವರ್ಷದ ಬೇಸಿಗೆಯಲ್ಲಿ ಕಣ್ಣಿನ ಶಿಬಿರವೊಂದಕ್ಕೆ ಮೈಕು ಕಟ್ಟಲು ಮಲ್ಯಾ ಕುಂಚಾವರಂ ಕಡೆ ಹೊರಟಿದ್ದ. ಸುಮ್ಮನೆ ಜೊತೆಗೆ ಹೋದೆ. ಕಾಡಿನೊಳಗಿನ ಒಂದು ತಾಂಡಾದಲ್ಲಿ ಸಂಗಮ್ಮ ಎಂಬ ನರ್ಸಮ್ಮ ಫೋನನ್ನು ತಲೆಯ ಮೇಲೆ ಹಿಡಿದುಕೊಂಡು ಗುಡ್ಡ ಹತ್ತುತ್ತಿದ್ದಳು. ಚಿಂಚೋಳಿಯ ಡಾಕ್ಟರಿಗೆ ಒಂದು ಮಾತು ಹೇಳಬೇಕಾದರೆ ಅವಳು ಅಷ್ಟು ಹತ್ತಬೇಕು, ಹೇಳಿ ಇಳಿಯಬೇಕು. "ಇಳಿಯೋದ್ರೊಳಗ ಡಾಕ್ಟರ್ ಸಾಹೇಬ್ರು ತಿರುಗಿ ಫೋನ್ ಮಾಡಿದ್ರ ಮತ್ತ ಹತ್ತಬೇಕ್ರಿ," ಎಂದು ನಕ್ಕಳು. ಮಲ್ಯಾ ನನ್ನ ಕಡೆ ತಿರುಗಿ, "ಶರಣ್ಯಾ, ಇಷ್ಟು ಓದೀಯಲ್ಲ, ಈ ತಾಯಿಗಿ ಏನರೆ ಮಾಡಲೇ," ಎಂದ. ಸಂಗಮ್ಮನಿಗೆ, "ಮಾಡ್ತೀವ್ರಿ ಅಕ್ಕಾರ, ಮಾತು ಕೊಟ್ಟೀನಿ," ಎಂದೂ ಅಂದುಬಿಟ್ಟ. ಮಾತು ಕೊಡುವುದು ಅವನು, ಚಿಂತೆ ಮಾಡುವುದು ನಾನು. ಶಾಲೆಯಿಂದಲೂ ಕೆಲಸ ಹೀಗೇ ಹಂಚಿಕೆಯಾಗಿದೆ.

ಮಾಡಲು ಒಂದು ದಾರಿ ಇತ್ತು. ಸಣ್ಣ ರೇಡಿಯೊದಲ್ಲಿ ಮಾತು ಕಳಿಸಬಹುದು, ಆದರೆ ಕಾಡಿನಲ್ಲಿ ಅದು ಕರಕರ ಶಬ್ದದಲ್ಲಿ ಮುಳುಗಿಹೋಗುತ್ತದೆ. ಮಾತನ್ನು ಭಾಳ ಸಣ್ಣದಾಗಿ ಹಿಂಡಿ ಕಳಿಸಿದರೆ ಉಳಿಯುತ್ತದೆ. ದೂರ ದೇಶದ ಒಬ್ಬ ಪುಣ್ಯಾತ್ಮ ಅಂಥದ್ದೊಂದು ಪ್ರೋಗ್ರಾಂ ಬರೆದು, ಯಾರು ಬೇಕಾದರೂ ಬಳಸಿ ಎಂದು ಬಿಟ್ಟಿದ್ದ. ಮಾತನಾಡುತ್ತಿರುವಾಗಲೇ ಅದು ದನಿಯನ್ನು ಸೆಕೆಂಡಿಗೆ ಹತ್ತಾರು ಚೂರು ಮಾಡಿ, ಪ್ರತಿ ಚೂರಿನಿಂದ ಏರಿಳಿತ ಎಷ್ಟು, ಜೋರು ಎಷ್ಟು, ಬಾಯಿಯ ಆಕಾರ ಎಂಥದ್ದು ಎಂಬಿಷ್ಟನ್ನೇ ಗುರುತು ಹಾಕಿ ಉಳಿದದ್ದನ್ನು ಎಸೆಯುತ್ತದೆ. ಸೆಕೆಂಡಿಗೆ ಏಳುನೂರು ಬಿಟ್, ಮೊಬೈಲಿನ ಮಾತಿಗೆ ಬೇಕಾದುದರ ಹತ್ತರಲ್ಲೊಂದು ಪಾಲೂ ಅಲ್ಲ. ಆ ಕಡೆಯ ಕಂಪ್ಯೂಟರು ಈ ಗುರುತುಗಳಿಂದ ಮನುಷ್ಯನನ್ನು ಮತ್ತೆ ಕಟ್ಟುತ್ತದೆ. ದನಿಯ ಮಾಂಸ ಇಲ್ಲೇ ಉಳಿದು ಎಲುಬು ಮಾತ್ರ ಪ್ರಯಾಣ ಮಾಡಿದ ಹಾಗೆ.

ಮಗಳು ಕಲಬುರಗಿಯ ಹಾಸ್ಟೆಲ್ಲಿಗೆ ಹೋದ ಮೇಲೆ ಅವಳ ಟೇಬಲ್ ಮೇಲಿನ ಕಂಪ್ಯೂಟರ್ ಸುಮ್ಮನಿತ್ತು. ಮಲ್ಯಾನ ಅಂಗಡಿಯಲ್ಲೂ ಒಂದಿತ್ತು. ಎರಡನ್ನೂ ಇಂಟರ್ನೆಟ್ಟಿನಲ್ಲಿ ಜೋಡಿಸಿ ಮನೆಯಲ್ಲೇ ಮಾತು ಸರಿಹೋಗುವ ತನಕ ಪರೀಕ್ಷೆ ಮಾಡುವುದು, ಮಳೆಗಾಲ ಮುಗಿಯುವಷ್ಟರಲ್ಲಿ ರೇಡಿಯೊ ಜೊತೆ ಕಾಡಿಗೆ ಹೋಗುವುದು ಎಂದು ಗೊತ್ತುಮಾಡಿದೆವು.

ಮೊದಲು ನನ್ನ ದನಿಯನ್ನೇ ಪರೀಕ್ಷೆಗೆ ಹಾಕಿದೆ. ಹೆಡ್‌ಫೋನ್ ಹಾಕಿಕೊಂಡು ಮೈಕಿಗೆ ಮಾತನಾಡಿದರೆ, ಹಿಂಡಿ ಮತ್ತೆ ಕಟ್ಟಿದ ನನ್ನದೇ ದನಿ ಕಾಲು ಸೆಕೆಂಡು ತಡವಾಗಿ ಕಿವಿಗೆ ಬರುತ್ತದೆ. ತನ್ನ ಮಾತು ತನಗೇ ತಡವಾಗಿ ಕೇಳಿದರೆ ಮನುಷ್ಯ ತೊದಲುತ್ತಾನೆ. ನಾನಂತೂ ಮೊದಲೇ ಹೆದರುವವನು. "ಶ-ಶಹಾ-ಹಾಬಾದ," ಎಂದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಸ್ತೂರಿ ಸೆರಗು ಬಾಯಿಗೆ ಹಿಡಿದುಕೊಂಡಳು. ಅವಳು ವಾಡಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಾಳೆ. ಉಚ್ಚಾರ ಕೆಟ್ಟರೆ ನಗುವುದು ಅವಳ ವೃತ್ತಿಧರ್ಮ. ಸ್ಪೀಕರಿನಲ್ಲಿ ಹಾಕಿ ಕೇಳಿಸಿದಾಗ, "ಬಾವ್ಯಾಗ ಬಿದ್ದ ಕಪ್ಪಿ ಕರದಂಗ ಅದರಿ," ಎಂದಳು.

ಆಮೇಲೆ ಮಲ್ಯಾ ಮಾತನಾಡಿದ. ನಾನು ಕಳಿಸಿದ್ದ ಪಟ್ಟಿಯಿಂದ ಪದಗಳನ್ನು ಆಟೋ ಪ್ರಚಾರದ ಗತ್ತಿನಲ್ಲಿ ಒಂದೊಂದಾಗಿ ಓದಿದ. ಕಲ್ಲು, ಹಲ್ಲು. ಬ್ಯಾಳಿ, ಬಾಳಿ. ಏಳುನೂರು ಬಿಟ್ಟಿನ ಇಕ್ಕಟ್ಟಿನಲ್ಲಿ ಹಾದು ಬಂದರೂ ಆ ದನಿ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಬಂತು. 'ಸೇಡಂ' ಮಾತ್ರ 'ಏಡಂ' ಆಯಿತು, 'ಚಿಂಚೋಳಿ' 'ಇಂಚೋಳಿ' ಆಯಿತು. ಸ, ಚ, ಶ ಬಂದರೆ ಆ ಪ್ರೋಗ್ರಾಮಿಗೆ ಉಸಿರು ಸಾಲುತ್ತಿರಲಿಲ್ಲ. ಅಷ್ಟು ಬಿಟ್ಟರೆ ಮನುಷ್ಯ ಎದುರಿಗೆ ಕೂತಂತೆ. "ಮಲ್ಲಪ್ಪಣ್ಣನ ಆವಾಜ ನೋಡ್ರಿ, ಎಷ್ಟು ಛಂದ," ಎಂದಳು ಕಸ್ತೂರಿ. ನಾನು ನೋಡಿದೆ. ಆವಾಜನ್ನಲ್ಲ, ಅವಳ ಮುಖವನ್ನು.

ಇಬ್ಬರ ದನಿಯ ಫೈಲುಗಳನ್ನೂ ಪ್ರೋಗ್ರಾಂ ಬರೆದವನಿಗೆ ಕಳಿಸಿದೆ. ಎರಡು ದಿನದಲ್ಲಿ ಉತ್ತರ ಬಂತು. ಎರಡನೆಯ ದನಿ ಯಾರದು, ಇಷ್ಟು ಒಗ್ಗುವ ದನಿಯನ್ನು ತಾನು ಕೇಳಿಯೇ ಇಲ್ಲ, ಇನ್ನಷ್ಟು ಕಳಿಸಿ ಎಂದು ಉದ್ದಕ್ಕೆ ಬರೆದಿದ್ದ. ಮೊದಲನೆಯ ದನಿಯ ಬಗ್ಗೆ ಒಂದೇ ಸಾಲು. ಮೈಕು ಕೆಟ್ಟಿರಬಹುದು, ಬದಲಿಸಿ ನೋಡಿ. ಅದೇ ಮೈಕನ್ನು ಆ ವಾರವಷ್ಟೇ ನಾನು ಆರಿಸಿ ಆರಿಸಿ ತಂದಿದ್ದೆ.

ಮೃಗಶಿರಾ ಮಳೆ ಹಿಡಿಯಿತು. ಹೆಣ್ಣು ದನಿಯ ಪರೀಕ್ಷೆಯೂ ಆಗಬೇಕಿತ್ತು, ಯಾಕೆಂದರೆ ಕಾಡಿನಲ್ಲಿ ಮಾತನಾಡುವವಳು ಸಂಗಮ್ಮ. "ನೀ ಓದು," ಎಂದು ಕಸ್ತೂರಿಯನ್ನು ಕೂರಿಸಿದವನು ನಾನೇ. ಅವಳು ಒಲ್ಲೆ ಎಂದಳು. ಕಾಡಿ ಬೇಡಿ ಒಪ್ಪಿಸಿದೆ. ಅದೇ ಹೊತ್ತಿಗೆ ಸಂಸ್ಥೆಯವರು ವಾರಕ್ಕೆ ಎರಡು ದಿನ ನನ್ನನ್ನು ಸೇಡಂಗೆ ಹೆಚ್ಚುವರಿ ಕೆಲಸಕ್ಕೆ ಹಾಕಿದರು. ಮಂಗಳವಾರ, ಗುರುವಾರ ಗಾಡಿ ಹಿಡಿದು ಮನೆ ಸೇರುವುದು ಎಂಟರ ಮೇಲೆ. ಆ ಎರಡು ದಿನ ಸಂಜೆ ಆರಕ್ಕೆ ವಾಡಿಯಲ್ಲಿ ಕಸ್ತೂರಿ, ಚಿತ್ತಾಪುರದಲ್ಲಿ ಮಲ್ಯಾ. ಒಬ್ಬರು ಪದ ಓದುವುದು, ಇನ್ನೊಬ್ಬರು ಕೇಳಿದ್ದನ್ನು ಬರೆದುಕೊಳ್ಳುವುದು. ವೇಳಾಪಟ್ಟಿಯನ್ನು ಸ್ಕೇಲು ಹಿಡಿದು ಗೆರೆ ಎಳೆದು ಮಾಡಿದವನೂ ನಾನೇ.

ಇನ್ನೊಂದು ಕೆಲಸವನ್ನೂ ನಾನೇ ಮಾಡಿದೆ. ವಾಡಿಯಲ್ಲಿ ನಿಶ್ಶಬ್ದ ಎಂಬುದೇ ಇಲ್ಲ. ಗೂಡ್ಸ್ ಗಾಡಿ, ಫ್ಯಾಕ್ಟರಿಯ ಗುಂಯ್ ಗುಂಯ್, ಕಂಪ್ಯೂಟರಿನ ಫ್ಯಾನು, ತಗಡಿನ ಮೇಲೆ ಮಳೆ. ಪ್ರೋಗ್ರಾಂ ಇದನ್ನೆಲ್ಲ ಮಾತೆಂದೇ ತಿಳಿದು ಕಟ್ಟಿ ಕಳಿಸುತ್ತಿತ್ತು. ಅದರಲ್ಲೊಂದು ಸೌಲಭ್ಯ ಇತ್ತು. ತೆರೆಯ ಮೇಲೆ ದನಿ ಹಸಿರು ಪಟ್ಟಿಯಾಗಿ ಏರಿಳಿಯುತ್ತದೆ, ಅಡ್ಡಕ್ಕೆ ಒಂದು ಕೆಂಪು ಗೆರೆ. ಗೆರೆಗಿಂತ ಕೆಳಗೆ ಇಳಿದದ್ದನ್ನು ಮೌನ ಎಂದು ತಿಳಿದು ಪ್ರೋಗ್ರಾಂ ಕಳಿಸುವುದೇ ಇಲ್ಲ. ನಾನು ಗೆರೆಯನ್ನು ಮೇಲಕ್ಕೆ ಎಳೆದೆ. ಗದ್ದಲ ನಿಂತಿತು. ಇನ್ನೂ ಸ್ವಲ್ಪ ಮೇಲಕ್ಕೆ ಎಳೆದೆ. ಸ್ವರ್ಗ. ಪದಗಳ ಪಟ್ಟಿ ಓದಿ ನೋಡಿದರೆ ಎಲ್ಲ ಸ್ಪಷ್ಟ. ಅದೇ ಅಳತೆಯನ್ನು ಮಲ್ಯಾನಿಗೂ ಕಳಿಸಿ, "ಇದ್ದಂಗ ಇಟ್ಕೋ, ಕೈ ಹಚ್ಚಬ್ಯಾಡ," ಎಂದು ತಾಕೀತು ಮಾಡಿದೆ.

ಪ್ರತಿ ಸಲದ ಮಾತೂ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ನನ್ನದರಲ್ಲಿ ಉಳಿಯುವುದು ಕಸ್ತೂರಿಯ ದನಿ ಇದ್ದ ಹಾಗೆ, ಮಲ್ಯಾನ ದನಿ ಹಿಂಡಿ ಕಟ್ಟಿದ ಮೇಲೆ ಬಂದ ಹಾಗೆ. ಚಿತ್ತಾಪುರದ ಕಂಪ್ಯೂಟರಿನಲ್ಲಿ ಇದರ ತಿರುವುಮುರುವು. ಭಾನುವಾರ ಬೆಳಿಗ್ಗೆ ಕೂತು ಕೇಳಿ ಅಂಕ ಹಾಕುವುದು ನನ್ನ ಕೆಲಸ. ಜುಲೈ ತಿಂಗಳ ಒಂದು ಭಾನುವಾರ, ಕೇಳುತ್ತಾ ಪೆನ್ನು ನಿಂತಿತು.

ಕಸ್ತೂರಿ ಏನೋ ಓದಲು ಹೋಗಿ ನಗುತ್ತಿದ್ದಾಳೆ. ಅವಳ ನಗು ಸ್ವಚ್ಛ, ಪಕ್ಕದಲ್ಲೇ ಇದ್ದಂತೆ. ಆಮೇಲೆ ಮಲ್ಯಾನ ದನಿ.

"ನಗಬ್ಯಾಡ್. ಓದ್."

ಮತ್ತೆ ನಗು. ಎರಡು ಪದ. ಆಮೇಲೆ, "ಮಳಿ ಬರಾಕತ್ತದ. ಕಿಡಕಿ ಹಾಕ್."

ಕಿಟಕಿ ಎಳೆದುಕೊಂಡ ಸದ್ದು. ನನ್ನ ಮನೆಯ ಕಿಟಕಿ. ಇನ್ನೊಂದಿಷ್ಟು ಹೊತ್ತಿನ ಮೇಲೆ, "ಸುಸ್ತ ಆದ್ರ ಬಿಡ್."

ನನ್ನೆದುರು ಅವಳಿಗೆ ಅತ್ತಿಗೆ ಎಂಬರ್ಥದ 'ವೈನಿ' ಬಿಟ್ಟು ಬೇರೆ ಮಾತು ಆಡದವನು, 'ಬರ್ರಿ ವೈನಿ, ಕುಂದ್ರಿ ವೈನಿ' ಎಂದು ಎದ್ದು ನಿಲ್ಲುವವನು, ನಾನು ಸೇಡಂ ಗಾಡಿಯಲ್ಲಿ ನೇತಾಡುತ್ತಿರುವ ಹೊತ್ತಿಗೆ ನಗಬ್ಯಾಡ ಅನ್ನುತ್ತಾನೆ, ಓದು ಅನ್ನುತ್ತಾನೆ. ಮದುವೆಯಾಗಿ ಇಪ್ಪತ್ತೊಂದು ವರ್ಷವಾಯಿತು. ಮಳೆ ಬರಾಕತ್ತದ, ಕಿಡಕಿ ಹಾಕು ಎಂದು ಅಷ್ಟು ಮೆತ್ತಗೆ ನಾನೇ ಎಂದೂ ಹೇಳಿಲ್ಲ. ನಾನು ಹೇಳುವುದು, "ಕಿಡಕಿ ತೆಗದಿಟ್ಟಾವ್ರು ಯಾರು?"

ಹಳೆಯ ಫೈಲುಗಳನ್ನೆಲ್ಲ ತೆಗೆದೆ. ಹನ್ನೊಂದು. ಅವನ ಮಾತಿನಲ್ಲಿ ಎಲ್ಲೂ 'ರಿ' ಇಲ್ಲ, ಎಲ್ಲೂ 'ವೈನಿ' ಇಲ್ಲ. ಅಂಕ ಹಾಕುವ ಹಾಳೆಯಲ್ಲಿ 'ಕೇಳಿದ ಪದ', 'ತಪ್ಪಿದ ಪದ' ಎಂಬ ಎರಡು ಕಾಲಮ್ಮುಗಳ ಪಕ್ಕ ಮೂರನೆಯದನ್ನು ಎಳೆದೆ. ಅದಕ್ಕೆ ಹೆಸರು ಕೊಡಲು ನಾಚಿಕೆಯಾಗಿ ಖಾಲಿ ಬಿಟ್ಟು, ಒಳಗೆ ಮಾತ್ರ ಒಂದೊಂದೇ ಬರೆದುಕೊಂಡೆ. ಹೇಳ್. ಓದ್. ನಿಲ್ಲ್. ಮತ್ತೊಮ್ಮೆ ಅನ್. ಜಗತ್ತಿನಲ್ಲಿ ಏಳುನೂರು ಬಿಟ್ಟಿನ ಕನ್ನಡವನ್ನು ನನ್ನಷ್ಟು ಶ್ರದ್ಧೆಯಿಂದ ಕೇಳಿದವನು ಇನ್ನೊಬ್ಬನಿರಲಿಕ್ಕಿಲ್ಲ. ಪ್ರೋಗ್ರಾಂ ಸ ನುಂಗುತ್ತದೆ, ಚ ನುಂಗುತ್ತದೆ ಎಂದು ವರದಿ ಬರೆದವನಿಗೆ, ಬೇರೇನನ್ನಾದರೂ ನುಂಗಿರಬಹುದೇ ಎಂಬ ಅನುಮಾನ ಒಮ್ಮೆಯೂ ಬರಲಿಲ್ಲ. ಅನುಮಾನವೆಲ್ಲ ಬೇರೆ ಕಡೆ ಖರ್ಚಾಗಿತ್ತು.

ಕಸ್ತೂರಿಯನ್ನು ಅಡ್ಡದಾರಿಯಿಂದ ಕೇಳಿದೆ. "ಮಲ್ಯಾ ನಿನಗ ಏನಂತ ಕರೀತಾನ?"

"ಏನಂತ ಕರೀತಾರ? ವೈನಿ ಅಂತಾರ." ಹೆಸರುಕಾಳು ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಕಂಪ್ಯೂಟರಿನ್ಯಾಗ?"

"ಕಂಪ್ಯೂಟರಿನ್ಯಾಗ ಬ್ಯಾರೆ ಹೆಸರು ಇಟ್ಟಾರೇನು ನನಗ?"

ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳಲ್ಲ ಎಂದುಕೊಂಡೆ. ಆ ವಾರ ಊಟ ಸೇರಲಿಲ್ಲ. ಪಿತ್ತ ಎಂದು ಹೇಳಿ ಶುಂಠಿ ಕಷಾಯ ಕುಡಿದೆ. ಕಷಾಯಕ್ಕೆ ಆ ಪಿತ್ತ ಜಗ್ಗಲಿಲ್ಲ.

ಮುಂದಿನ ಶನಿವಾರ ಧೋ ಎಂದು ಮಳೆ. ಪ್ಯಾಸೆಂಜರ್ ಗಾಡಿ ಹಿಡಿದು ಚಿತ್ತಾಪುರಕ್ಕೆ ಹೋದೆ. ವಾಡಿಯಿಂದ ಅಲ್ಲಿಗೆ ಇರುವ ಆ ಸ್ವಲ್ಪ ಹೊತ್ತಿನಲ್ಲಿ ಮಾತನ್ನು ಮೂರು ರೀತಿಯಲ್ಲಿ ತಯಾರು ಮಾಡಿಕೊಂಡಿದ್ದೆ. ನಯವಾಗಿ, ನಗುತ್ತಾ, ಗಂಭೀರವಾಗಿ. ಅಂಗಡಿಯಲ್ಲಿ ಮಲ್ಯಾ ಒಂದು ಹಾರ್ನನ್ನು ಮಗುಚಿ ಹಾಕಿಕೊಂಡು ಬೆಸುಗೆ ಹಾಕುತ್ತಿದ್ದ. ಅವನ ಪ್ರಚಾರದ ಆಟೋ ಓಡಿಸುವ ಈರಣ್ಣ ಬಾಗಿಲಲ್ಲಿ ಕೂತಿದ್ದ.

"ಬಾರಲೇ ಶರಣ್ಯಾ! ಕ್ವಾಣದಂಗ ತೊಯ್ಸಿಕೊಂಡು ಬಂದೀಯಲ್ಲೋ. ಕುಂದ್ರು. ಈರ್ಯಾ, ಏ ಈರ್ಯಾ, ಎರಡು ಚಾ ಹೇಳಲೇ."

"ಚಾ ಬ್ಯಾಡ," ಎಂದೆ.

"ಯಾಕ, ಮತ್ತ ಪಿತ್ತೇನು?"

ಈರಣ್ಣ ಚಹಾಕ್ಕೆ ಹೋದ. ತಯಾರು ಮಾಡಿಕೊಂಡಿದ್ದ ಮೂರೂ ರೀತಿ ಮರೆತವು. "ನನ್ನ ಹೆಂಡ್ತಿಗಿ ನಗಬ್ಯಾಡ, ಓದು, ಕಿಡಕಿ ಹಾಕು ಅಂತೀಯಲ್ಲ, ಆ ಸಲಿಗಿ ಯಾರು ಕೊಟ್ಟಾರ ನಿನಗ?"

"ಏನಂದಿ?"

"ಕೇಳೀನಿ. ಒಂದಲ್ಲ, ಹನ್ನೊಂದು ಫೈಲ್. ಬರದಿಟ್ಟೀನಿ." ಜೇಬಿನಿಂದ ಹಾಳೆ ತೆಗೆದೆ. ಅದು ಪೂರ್ತಿ ನೆನೆದು, ಮೂರನೆಯ ಕಾಲಮ್ಮಿನ ಶಾಯಿ ಎರಡನೆಯದಕ್ಕೆ ಇಳಿದಿತ್ತು.

ಮಲ್ಯಾ ಹಾಳೆ ನೋಡಲಿಲ್ಲ. ನನ್ನನ್ನೇ ನೋಡಿದ. ಬೆಸುಗೆಯ ಕಡ್ಡಿಯನ್ನು ನಿಧಾನವಾಗಿ ಅದರ ಸ್ಟ್ಯಾಂಡಿನಲ್ಲಿಟ್ಟ. ಅವನು ಬೈದಿದ್ದರೆ, ಹಾರ್ನು ಎತ್ತಿ ಹೊಡೆದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ವೈನಿಗಿ ಈ ಮಾತು ಕೇಳೀರೇನ್ರಿ?" ಎಂದ.

ಯಾರನ್ನು ಕೇಳುತ್ತಿದ್ದಾನೆ ಎಂದು ನಾನು ಒಂದು ಕ್ಷಣ ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

"ಇಲ್ಲ."

"ಕೇಳಬ್ಯಾಡ್ರಿ. ಅವರ ಮುಂದ ಸಣ್ಣಾವ್ರ ಆಗ್ತೀರಿ." ಒಂದು ಚಿಂದಿ ತೆಗೆದುಕೊಂಡು ಕೈ ಒರೆಸಿಕೊಂಡ. "ಚಿಂಚೋಳಿಗಿ ನಾ ಬರ್ತೀನ್ರಿ. ಸಂಗಮ್ಮಗ ಮಾತು ಕೊಟ್ಟೀನಿ. ಚಾ ಬರ್ಲಿಕತ್ತದ, ಕುಂದ್ರಿ ಶರಣಪ್ಪನವರ. ಕುಡದು ಹೋಗ್ರಿ."

ನಲವತ್ತು ವರ್ಷದಲ್ಲಿ ಅವನ ಬಾಯಿಂದ ನನಗೆ ಬಂದ ಮೊದಲ ರಿಗಳು. ಕುಡಿದು ಹೋದೆ. ಚಹಾ ಸಿಹಿ ಇತ್ತೋ ಇಲ್ಲವೋ ಗೊತ್ತಿಲ್ಲ.

ಸಂಜೆಯ ಪರೀಕ್ಷೆಗಳು ನಿಂತವು. ಅವನಿಗೆ ಕೆಲಸ ಜಾಸ್ತಿ ಎಂದು ಕಸ್ತೂರಿಗೆ ಹೇಳಿದೆ. ಮಳೆ ಹಿಂದಕ್ಕೆ ಸರಿದು, ಸೇಡಂ ದಾರಿಯ ಎರಡೂ ಕಡೆ ತೊಗರಿ ಮೊಳಕಾಲೆತ್ತರ ಬಂದಾಗ, ರೇಡಿಯೊ ಬಳಸುವ ಅನುಮತಿ ಕಾಗದ ಕೈಗೆ ಬಂತು. ಮಗಳ ಕಂಪ್ಯೂಟರನ್ನು ಎರಡು ಚಾದರದಲ್ಲಿ ಸುತ್ತಿ, ರೇಡಿಯೊ, ಬ್ಯಾಟರಿ, ಇನ್ವರ್ಟರು, ತಂತಿಯ ಸುರುಳಿ ಎಲ್ಲ ಜೀಪಿಗೆ ಹೇರಿದೆ. ಮಲ್ಯಾ ಚಿಂಚೋಳಿಯ ಆಸ್ಪತ್ರೆಯಲ್ಲಿ ಡಾಕ್ಟರ ಪಕ್ಕ, ನಾನು ಕುಂಚಾವರಂ ದಾಟಿ ಆ ತಾಂಡಾದಲ್ಲಿ ಸಂಗಮ್ಮನ ಪಕ್ಕ. ಅಂಗನವಾಡಿಯ ಕೋಣೆಯಲ್ಲಿ ಕಂಪ್ಯೂಟರಿಟ್ಟು, ಹೊರಗಿನ ತೇಗದ ಮರಕ್ಕೆ ಏರಿಯಲ್ ತಂತಿ ಎಸೆದೆವು. ಹೆಂಗಸರು ತೆಲುಗು ಬೆರೆಸಿ ನಗುತ್ತಾ ಕಿಟಕಿಯಲ್ಲಿ ಇಣುಕಿದರು. ಫ್ಯಾನಿನ ಗದ್ದಲಕ್ಕೆ ಅಂಜಿ ಕೆಂಪು ಗೆರೆಯನ್ನು ಮನೆಯಲ್ಲಿದ್ದಷ್ಟೇ ಎತ್ತರದಲ್ಲಿಟ್ಟಿದ್ದೆ.

ಮೊದಲು ಮಲ್ಯಾನ ದನಿ ಬಂತು. "ಚಿಂಚೋಳಿ ತಯಾರ್." ತುದಿಯಿಲ್ಲದ, ಯಾರನ್ನೂ ಕುರಿತಲ್ಲದ ಮಾತು. ಆಮೇಲೆ ಡಾಕ್ಟರು, ನಿವೃತ್ತಿಗೆ ಹತ್ತಿರವಾದ ಹಿರಿಯರು, "ಹೇಳವ್ವಾ ಸಂಗಮ್ಮ," ಎಂದರು.

ಸಂಗಮ್ಮ ಸೆರಗು ಸರಿಮಾಡಿಕೊಂಡು ಮೈಕಿಗೆ ಬಗ್ಗಿದಳು. "ನಮಸ್ಕಾರ್ರಿ ಡಾಕ್ಟರ್ ಸಾಹೇಬ್ರ. ಇಲ್ಲಿ ಒಬ್ಬ ಬಸುರಿ ಹೆಣಮಗಳಿಗಿ ಬಿ.ಪಿ. ಏರ್ಯಾದ ಅಂತ ತಿಳೀರಿ. ಗಾಡಿ ಕಳಸ್ರಿ. ಲಗೂ ಬರ್ರಿ."

ಮಾತು ಮುಟ್ಟಲಿಲ್ಲವೇನೋ ಎಂದು ತಂತಿಯ ಜೋಡಣೆ ಒತ್ತಿ ನೋಡಿದೆ. ಮುಟ್ಟಿತ್ತು.

"ಏನವ್ವಾ," ಎಂದರು ಡಾಕ್ಟರು. "ಗಾಡಿ ಕಳಸ, ಲಗೂ ಬಾ ಅಂತೀ? ಇಷ್ಟು ವರ್ಷದಾಗ ಒಮ್ಮೆ ಹೀಂಗ ಮಾತಾಡ್ದಾಕಿ ಅಲ್ಲ ನೀ. ಮಿಷನ್ ಬಂತಂತ ಮರ್ಯಾದಿ ಬಿಟ್ಟಿಯೇನು?"

ಸಂಗಮ್ಮ ಮೈಕಿನಿಂದ ಹಿಂದೆ ಸರಿದಳು. "ಅಯ್ಯ ದೇವ್ರೆ, ನಾ ರಿ ಅಂದೀನಲ್ರಿ!" ಎಂದು ನನ್ನ ಕಡೆ ತಿರುಗಿದಳು. "ನೀವ ಇಲ್ಲೇ ಕುಂತೀರಿ, ನೀವ ಕೇಳೀರಲ್ರಿ ಸರ? ಕಳಸ್ರಿ ಅಂದೀನಿ. ಬರ್ರಿ ಅಂದೀನಿ. ಹೇಳ್ರಿ ಅವರಿಗಿ!"

ಕೇಳಿದ್ದೆ. ಎರಡು ಅಡಿ ದೂರದಿಂದ, ನನ್ನ ಎರಡೂ ಕಿವಿಯಿಂದ. ತೆರೆಯನ್ನು ನೋಡಿದೆ. "ಬರ್ರಿ ಅಂದೀನಿ," ಎಂದು ಅವಳು ಅಳುಮೋರೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದಳು. ಹಸಿರು ಪಟ್ಟಿ 'ಬರ್' ಎಂಬಲ್ಲಿ ನೆಟ್ಟಗೆ ಏರಿ, 'ರಿ' ಎಂಬಲ್ಲಿ ಮೆಲ್ಲಗೆ ತಲೆ ತಗ್ಗಿಸಿ, ಕೆಂಪು ಗೆರೆಯ ಕೆಳಗೆ ಇಳಿದು ಹೋಗುತ್ತಿತ್ತು. ಗೌರವ ಕೊಡುವಾಗ ಮನುಷ್ಯ ದನಿ ತಗ್ಗಿಸುತ್ತಾನೆ. ತಗ್ಗಿದ್ದನ್ನೆಲ್ಲ ಮೌನ ಎಂದು ತಿಳಿ ಎಂದು ನಾನು ಯಂತ್ರಕ್ಕೆ ಹೇಳಿಕೊಟ್ಟಿದ್ದೆ. ನಮ್ಮ ಪದಗಳ ಪಟ್ಟಿಯಲ್ಲಿ ಕಲ್ಲು, ಹಲ್ಲು, ಬ್ಯಾಳಿ, ಬಾಳಿ ಎಲ್ಲ ಇದ್ದವು. ಯಾರಿಗೂ ಬರ್ರಿ ಅನ್ನುವ ಮಾತು ಒಂದೂ ಇರಲಿಲ್ಲ. ನಾನೂ ಮಲ್ಯಾನೂ ಪರಸ್ಪರ ಮಾತನಾಡಿದಾಗ ಇದು ಸಿಕ್ಕಿಬೀಳಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ನಮ್ಮ ನಡುವೆ ರಿ ಎಂಬುದೇ ಇರಲಿಲ್ಲ. ನಗಬ್ಯಾಡ್ರಿ ವೈನಿ. ಕಿಡಕಿ ಹಾಕ್ರಿ ವೈನಿ. ಮಾತಿನ ಬಾಲ ಪೂರ್ತಿ ಗೆರೆಯ ಕೆಳಗೆ ಬಿದ್ದು ಸತ್ತಿತ್ತು.

ಆ ಕಡೆಯಿಂದ ಮಲ್ಯಾ ಅಂದ, "ಕೇಳ್ದ್..."

ಅವನಿಗೂ ತಿಳಿದಿತ್ತು. ಕೇಳ್ದಿ ಅಂದನೋ, ಕೇಳ್ದ್ರಿ ಅಂದನೋ? ಆ ಒಂದು ಚೂರಿಗಾಗಿ ನಾನು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದೆ. ಗೊತ್ತಾಗಬೇಕಾದರೆ ಗೆರೆ ಇಳಿಯಬೇಕಿತ್ತು, ಇಳಿಸಬೇಕಾದವನು ಅವನು, ಹೇಳಬೇಕಾದವನು ನಾನು.

ನನ್ನ ಕಡೆಯ ಗೆರೆ ಮೊದಲು ಇಳಿಸಿದೆ. "ಮಲ್ಯಾ, ಆ ಕೆಂಪು ಗೆರಿ ಕೆಳಗ ಎಳಿ. ಪೂರಾ ಕೆಳಗ. ಅದನ್ನ ಮ್ಯಾಲ ಇಟ್ಟಾವ ನಾನು. ತಪ್ಪು ನಂದು. ಎಲ್ಲಾ ನಂದೇ."

ಆಮೇಲೆ ಇಡೀ ಚಿಂಚೋಳಿ ಒಳಗೆ ನುಗ್ಗಿತು. ವಾರ್ಡಿನ ಫ್ಯಾನು, ಯಾವುದೋ ಕೂಸಿನ ಅಳು, ಯಾರೋ ಎಳೆದ ಕುರ್ಚಿ. ಅದರ ನಡುವೆ ಅವನ ದನಿ ತೊಳೆದಿಟ್ಟ ತಾಟಿನ ಹಾಗೆ ಸ್ವಚ್ಛವಾಗಿ ಬಂತು.

"ಎಳದೀನ್ರಿ."

ಅಷ್ಟು ಸ್ಪಷ್ಟವಾದ 'ರಿ'ಯನ್ನು ಏಳುನೂರು ಬಿಟ್ಟಿನಲ್ಲಿ ಅದಕ್ಕೆ ಮೊದಲು ಯಾರೂ ಕೇಳಿರಲಿಕ್ಕಿಲ್ಲ. ಪ್ರಯೋಗ ಯಶಸ್ವಿಯಾಯಿತು. ಸಂಗಮ್ಮ ಮತ್ತೆ ಹೇಳಿದಳು, ಡಾಕ್ಟರು "ಈಗ ಬರೋಬ್ಬರಿ," ಎಂದು ನಕ್ಕರು, ಕಿಟಕಿಯ ಹೆಂಗಸರೂ ನಕ್ಕರು. ನಾನು ಚಾದರ ಮಡಚಿದೆ.

ಸಂಜೆ ಚಿಂಚೋಳಿಯ ಬಸ್ ನಿಲ್ದಾಣದಲ್ಲಿ ಇಬ್ಬರೂ ನಿಂತಿದ್ದೆವು. ಅವನು ಕಾಳಗಿ ಮೇಲೆ ಹೋಗುವ ಬಸ್ಸಿಗೆ ಕಾಯುತ್ತಿದ್ದ. "ತಪ್ಪಾತಲೇ," ಎಂದೆ. ಅವನು ದಾರಿಯ ಕಡೆ ನೋಡುತ್ತಾ ಹೇಳಿದ.

"ಒಂದು ಮಾತು ಹೇಳ್ತೀನ್ರಿ. ನಿಮ್ಮ ಗೆರಿ ಎರಡೂ ಕಡಿ ಇತ್ತಲ್ರಿ. ವೈನಿ ಮಾತೂ ನನಗ ಹಂಗ ಬರ್ತಿತ್ರಿ. ಓದ್, ನಿಲ್ಲ್, ಕೇಳಸ್ಲಿಲ್ಲ ಮತ್ತ ಅನ್. ನಾ ಏನ್ ತಿಳಕೊಂಡೆ ಗೊತ್ತದೇನ್ರಿ? ಇಷ್ಟು ವರ್ಷಕ್ಕ ವೈನಿ ನನ್ನ ಮನಿ ಮನಷಾ ಅಂತ ತಿಳದ್ರು ಅಂತ. ಒಡಹುಟ್ಟಿದ ಅಕ್ಕ ಇರಲಿಲ್ಲ ನನಗ, ನಿಮಗ ಗೊತ್ತದ. ಭಾಳ ಖುಷಿ ಆಗಿತ್ರಿ."

ಬಸ್ ಬಂತು. ಹತ್ತಿದ.

ಅದೇ ಪ್ರೋಗ್ರಾಂ, ಅದೇ ಗೆರೆ, ಅದೇ ತುಂಡು ಮಾತು. ಅವನಿಗೆ ಅದರಲ್ಲಿ ಅಕ್ಕ ಸಿಕ್ಕಳು, ನನಗೆ ಕಳ್ಳ ಸಿಕ್ಕ. ಅವನ ದನಿಯ ಮೇಲಿನ ಹೊಟ್ಟೆಕಿಚ್ಚು ಆ ದಿನಕ್ಕೆ ಮುಗಿಯಿತು. ಅವನ ಈ ಗುಣದ ಮೇಲಿನದು ಶುರುವಾಯಿತು, ಇನ್ನೂ ಆರಿಲ್ಲ.

ಕಸ್ತೂರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿದಳು. "ಹನ್ನೊಂದು ಫೈಲ್ ಕೇಳೀರಿ. ಅದರಾಗ ನಂದೂ ಆವಾಜ ಇತ್ತಲ್ಲ, ಚೊಕ್ಕ ಇತ್ತಲ್ಲ? ನಾ ಅವರಿಗಿ 'ಓದ್ರಿ ಮಲ್ಲಪ್ಪಣ್ಣ' ಅಂದಿದ್ದು ಕೇಳಸ್ಲಿಲ್ಲೇನು?"

ಇತ್ತು. ಆಮೇಲೆ ಹಾಕಿ ಕೇಳಿದೆ. ಪ್ರತಿ ಫೈಲಿನಲ್ಲೂ, ನನ್ನದೇ ಕಂಪ್ಯೂಟರಿನಲ್ಲಿ, ಒಂದೂ ಕಳೆಯದೆ ಇತ್ತು.

"ಗೆರಿ ಮಿಷನ್ನಿಗಷ್ಟ ಹಾಕಿರಲಿಲ್ಲ ತಗೋರಿ," ಎಂದು ಎದ್ದು ಹೋದಳು. ಹದಿನೈದು ದಿನ ನನ್ನ ಜೊತೆ ಬೇಕಾದ್ದಷ್ಟೇ ಮಾತನಾಡಿದಳು, ಎಲ್ಲವನ್ನೂ ರಿ ಹಚ್ಚಿ.

ಪ್ರೋಗ್ರಾಂ ಬರೆದವನಿಗೆ ವರದಿ ಕಳಿಸಿದೆ. ನಮ್ಮ ಕಡೆಯ ಕನ್ನಡದಲ್ಲಿ ಮರ್ಯಾದೆ ಎಲ್ಲಕ್ಕಿಂತ ಮೆತ್ತಗಿನ ಜಾಗದಲ್ಲಿರುತ್ತದೆ, ಮೌನದ ಗೆರೆ ಎಳೆಯುವಾಗ ಜೋಪಾನ ಎಂದು. ಅವನು ಕುಣಿದಾಡಿ ಉತ್ತರ ಬರೆದ, ಪ್ರೋಗ್ರಾಮನ್ನು ತಿದ್ದಿದ. ಈಗ ಅದರ ಜೊತೆ ಬರುವ ಮಾದರಿ ದನಿಗಳಲ್ಲಿ ಕನ್ನಡದ್ದು ಒಂದಿದೆ. ಯಾರದೆಂದು ಹೇಳಬೇಕಾಗಿಲ್ಲ. ಸಂಗಮ್ಮ ಗುಡ್ಡ ಹತ್ತುವುದು ನಿಂತಿದೆ. ನಾನು ಚಿತ್ತಾಪುರಕ್ಕೆ ಹೋದರೆ ಮಲ್ಯಾ ಈಗಲೂ ಎದ್ದು ನಿಲ್ಲುತ್ತಾನೆ. "ಬರ್ರಿ ಶರಣಪ್ಪನವರ, ಕುಂದ್ರಿ." ಬಾಗಿಲ ಕಡೆ ತಿರುಗಿ, "ಈರ್ಯಾ, ಚಾ ಹೇಳಲೇ, ಕೆಲಸ ಇಲ್ಲೇನಲೇ ನಿನಗ?" ಎಂದು ಬೈಯುತ್ತಾನೆ. ಆ ಆಟೋ ಈರಣ್ಣನನ್ನು ಕಂಡರೆ ನನಗೆ ಆಗುವ ಸಂಕಟ ಅಷ್ಟಿಷ್ಟಲ್ಲ. ಒಂದೊಂದು ಚಹಾಕ್ಕೆ ಎರಡೆರಡು 'ಲೇ' ಸಿಗುತ್ತವೆ ಅವನಿಗೆ.

ನಮ್ಮ ಮನೆಯಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ಬರುತ್ತದೆ. ಅದಕ್ಕೇ ಅವನಿಗೆ ಅಲ್ಲಿಂದ ಫೋನ್ ಮಾಡುವುದಿಲ್ಲ. ವಾರಕ್ಕೊಮ್ಮೆ, ಮಾತಿನ ಬಾಲ ಉದುರಿಹೋಗುವ ಸ್ಟೇಷನ್ನಿನ ಮೇಲ್ಸೇತುವೆಯ ಕೆಳಗೆ ಬಂದು ಮಾಡುತ್ತೇನೆ. ಮೊನ್ನೆಯೂ ಗ್ಯಾಸಿನ ಹುಡುಗಿ ಫೋನಿಟ್ಟ ಮೇಲೆ ಮಾಡಿದೆ.

"ಹೇಳ್," ಎಂದ.

"ಏನಿಲ್ಲಲೇ ಮಲ್ಯಾ. ಮಳಿ ಬಂತು, ಅದಕ್ಕ."

"ಇಲ್ಲೂ ಬರಾಕತ್ತದ," ಎಂದ. ನಾನು ಮನೆಯಲ್ಲಿದ್ದೇನೆ ಎಂದುಕೊಂಡಿರಬೇಕು. "ಕಿಡಕಿ ಹಾಕ್."

"ಹಾಕ್ತೀನಿ," ಎಂದೆ, ಕಿಟಕಿಯೇ ಇಲ್ಲದ ಜಾಗದಲ್ಲಿ ನಿಂತುಕೊಂಡು.